ಹಳೇ ಕಾರು ಕಳ್ಳರ ಪಾಲಾಗದಿರಲಿ: ಮಂಗಳೂರು, ಉಡುಪಿ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ಅಪ್ಪನ ಕಾಲದ ಅಂಬಾಸಿಡರ್ ಉಂಟು, ಯಾವ ಲಾಕ್ ಹಾಕಿಸಿದ್ರೆ ಒಳ್ಳೇದು?" "ಪದ್ಮಿನಿ ಕಿನ್ನಿಗೋಳಿ ಮನೆಯಲ್ಲಿ ನಿಂತಿದೆ, ನಾನಿರೋದು ದುಬೈಯಲ್ಲಿ, ಒಂದು ಜಿಪಿಎಸ್ ಹಾಕಿಸಿದ್ರೆ ಸಾಕಲ್ವಾ?" ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಹಾಗಾಗಿ ಏನೇನು ಮಾಡಬೇಕು, ಯಾವುದು ಮೊದಲು, ಜನ ಎಲ್ಲಿ ಎಡವುತ್ತಾರೆ ಅನ್ನೋದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಈಗಿನ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರುತ್ತದೆ. ಅಂದರೆ ಕೀಯೊಳಗೊಂದು ಚಿಪ್, ಅದನ್ನು ಕಾರು ಗುರುತಿಸಿದರೆ ಮಾತ್ರ ಎಂಜಿನ್ ಚಾಲೂ ಆಗೋದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಹಳೇ ಮಾರುತಿ 800, ಜೀಪು, ಇವ್ಯಾವುದರಲ್ಲೂ ಅದಿಲ್ಲ. ಇಲ್ಲಿ ಕೀ ತಿರುಗಿಸಿದಾಗ ಆಗೋದು ಒಂದು ತಂತಿಗೂ ಇನ್ನೊಂದು ತಂತಿಗೂ ಸಂಪರ್ಕ, ಅಷ್ಟೇ. ಅದೂ ಅಲ್ಲದೆ ವರ್ಷಗಟ್ಟಲೆ ಬಳಸಿ ಸವೆದ ಬಾಗಿಲ ಬೀಗ ಬೇರೆ ಕಾರಿನ ಕೀಗೂ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ. ನಂಬಿಕೆ ಇಲ್ಲದಿದ್ದರೆ ನೆರೆಮನೆಯವರ ಹಳೇ ಕೀ ಹಾಕಿ ನೋಡಿ.

ಇಷ್ಟು ಗೊತ್ತಾದ ಕೂಡಲೇ ಹೆಚ್ಚಿನವರು ಕಾರು ಸ್ಟಾರ್ಟ್ ಆಗದ ಹಾಗೆ ಮಾಡೋದಕ್ಕೇ ದುಡ್ಡೆಲ್ಲ ಸುರಿಯುತ್ತಾರೆ. ಆದರೆ ಹಳೇ ಕಾರನ್ನು ಒಯ್ಯಬೇಕಾದರೆ ಸ್ಟಾರ್ಟ್ ಮಾಡಲೇಬೇಕು ಅಂತೇನಿಲ್ಲ. ಗೇಟಿನಿಂದ ರಸ್ತೆಗೆ ಇಳಿಜಾರಿದ್ದರೆ ಇಬ್ಬರು ಸದ್ದಿಲ್ಲದೆ ತಳ್ಳಬಹುದು. ಮುಂದಿನ ತಿರುವಿನಲ್ಲಿ ಎಳೆದೊಯ್ಯುವ ಗಾಡಿ ಕಾಯುತ್ತಿದ್ದರೆ ಮುಗಿಯಿತು. ಅದಕ್ಕೇ ನನ್ನ ಲೆಕ್ಕದಲ್ಲಿ ಕಾರು ಉರುಳದ ಹಾಗೆ ಮಾಡೋದು ಮೊದಲು. ಸ್ಟಾರ್ಟ್ ಆಗದ ಹಾಗೆ ಮಾಡೋದು ಅದರ ನಂತರ. ಹೋದರೆ ಗೊತ್ತಾಗುವ ಹಾಗೆ ಮಾಡೋದು ಕೊನೆಗೆ. ಕೈಯಲ್ಲಿ ಇರೋ ದುಡ್ಡು ಕಡಿಮೆ ಅಂದ್ರೆ ಇದೇ ಕ್ರಮದಲ್ಲಿ ಖರ್ಚು ಮಾಡಿ.

ಬೇಕಾಗುವ ಸಾಮಾನು ದೊಡ್ಡದೇನಲ್ಲ. ಗಟ್ಟಿ ಸರಪಳಿ, ಒಂದೆರಡು ಒಳ್ಳೆ ಬೀಗ, ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್, ಜಿಪಿಎಸ್ ಟ್ರ್ಯಾಕರ್, ಸ್ವಲ್ಪ ಸಿಮೆಂಟು. ಜೊತೆಗೆ ಹಳೇ ಗಾಡಿಯ ವೈರಿಂಗ್ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬೇಕು. ಈ ಕೊನೆಯದನ್ನು ಹುಡುಕೋದೇ ಕಷ್ಟ. ಸಿಕ್ಕಿದರೆ ಬಿಡಬೇಡಿ.

1. ಕಾಗದಪತ್ರ ಮತ್ತು ಫೋಟೋ

ಬೀಗದ ಅಂಗಡಿಗೆ ಹೋಗುವ ಮೊದಲು ಆರ್‌ಸಿ ತೆಗೆದು ಮುಂದಿಟ್ಟುಕೊಳ್ಳಿ. ಅದರಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತದಾ ನೋಡಿ. ಬಾನೆಟ್ ತೆರೆದು, ಬ್ರಶ್ಶಿನಿಂದ ಎಣ್ಣೆಜಿಡ್ಡು ಕೆರೆದು, ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ. ಆರ್‌ಟಿಒ ಕಚೇರಿಯಲ್ಲಿ ಇದಕ್ಕೇ ಪೆನ್ಸಿಲ್ ಪ್ರಿಂಟ್ ಅನ್ನುತ್ತಾರೆ. ಎರಡು ಪ್ರತಿ ಮಾಡಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಕಡೆ ಇಡಿ. ಮುಂದೆ ನಂಬರ್ ಉಜ್ಜಿ ಬದಲಿಸಿದ ಕಾರೊಂದು ಎಲ್ಲೋ ಸಿಕ್ಕಿದರೆ, ಅಕ್ಷರದ ಆಕಾರ ಹೋಲಿಸೋದಕ್ಕೆ ಈ ಕಾಗದ ಬೇಕಾಗುತ್ತದೆ.

ಇಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಎಂಜಿನ್ ವಿಷಯದಲ್ಲಿ. ಹಳೇ ಅಂಬಾಸಿಡರಿಗೆ ಯಾವಾಗಲೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಆದರೆ ಆರ್‌ಸಿಯಲ್ಲಿ ಇನ್ನೂ ಹಳೇ ಪೆಟ್ರೋಲ್ ಎಂಜಿನ್ನಿನ ನಂಬರೇ ಇರುತ್ತದೆ. ಓಡಿಸುವಾಗ ಯಾರೂ ಕೇಳುವುದಿಲ್ಲ. ಕಳವಾದ ದಿನ ಇನ್ಶೂರೆನ್ಸಿನವರು ಕೇಳುತ್ತಾರೆ, ಸಿಕ್ಕಿದ ದಿನ ಪೊಲೀಸರೂ ಕೇಳುತ್ತಾರೆ. ಹಾಗಾಗಿ ಎಂಜಿನ್ ಬದಲಾವಣೆಯನ್ನು ಆರ್‌ಟಿಒದಲ್ಲಿ ದಾಖಲು ಮಾಡಿಸಿಕೊಳ್ಳಿ. ಹಾಗೆಯೇ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಆರ್‌ಸಿ ನವೀಕರಣ ಬಾಕಿ ಇಟ್ಟುಕೊಳ್ಳಬೇಡಿ. ಕಾರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಅದನ್ನೂ ಬದಲಿಸಿ. ಇಲ್ಲವಾದರೆ ಕಳವಾದ ಮೇಲೆ ದೂರು ಕೊಟ್ಟರೂ ಪರಿಹಾರ ಕೇಳುವಾಗ ವಾರಸುದಾರರ ಕಾಗದ ಹಿಡಿದು ಅಲೆಯಬೇಕಾದೀತು.

ಫೋಟೋ ತೆಗೆಯುವಾಗ ಚಂದದ ಕೋನಗಳಿಗಿಂತ ಗುರುತುಗಳು ಮುಖ್ಯ. ಡ್ಯಾಶ್‌ಬೋರ್ಡಿನ ಬಿರುಕು, ಟಿಂಕರಿಂಗ್ ಮಾಡಿದ ಜಾಗ, ಸೀಟಿನ ಹೊಲಿಗೆ, ನೆಲದ ತಗಡಿಗೆ ಹಾಕಿದ ತೇಪೆ, ಇವುಗಳ ಫೋಟೋ ತೆಗೆದಿಡಿ. ಬಣ್ಣ ಬದಲಿಸೋದು ಸುಲಭ, ನೆಲದ ತೇಪೆ ಯಾರೂ ಬದಲಿಸುವುದಿಲ್ಲ.

2. ನಿಲ್ಲಿಸುವ ರೀತಿ

ಇದಕ್ಕೆ ಖರ್ಚೇ ಇಲ್ಲ, ಆದರೂ ಮಾಡುವವರು ಕಡಿಮೆ. ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾ ಇವೆಲ್ಲ ಹಿಂದಿನ ಚಕ್ರದಿಂದ ಓಡುವ ಕಾರುಗಳು. ಅಂದರೆ ಗೇರು ಹಿಡಿಯೋದೂ ಹಿಂದಿನ ಚಕ್ರವನ್ನೇ, ಹ್ಯಾಂಡ್‌ಬ್ರೇಕ್ ಹಿಡಿಯೋದೂ ಹಿಂದಿನ ಚಕ್ರವನ್ನೇ. ಹಿಂಭಾಗವನ್ನು ಎತ್ತಿದರೆ ಎರಡೂ ಒಟ್ಟಿಗೆ ನಿಷ್ಪ್ರಯೋಜಕ, ಮುಂದಿನ ಚಕ್ರದ ಮೇಲೆ ಕಾರು ಸಲೀಸಾಗಿ ಹೊರಡುತ್ತದೆ. ಆದ್ದರಿಂದ ಹಿಂಭಾಗ ಗೋಡೆಯ ಕಡೆಗೆ, ಮೂತಿ ಗೇಟಿನ ಕಡೆಗೆ ಬರುವ ಹಾಗೆ ರಿವರ್ಸ್ ತೆಗೆದು ನಿಲ್ಲಿಸಿ. ಆಗ ಎಳೆಯುವವರು ಮೂತಿಯನ್ನೇ ಎತ್ತಬೇಕು, ಗೇರು ಮತ್ತು ಬ್ರೇಕು ಹಿಡಿದ ಚಕ್ರಗಳು ನೆಲದ ಮೇಲೇ ಉಳಿಯುತ್ತವೆ. ಮಾರುತಿ 800ರಲ್ಲಿ ಗೇರು ಮುಂದಿನ ಚಕ್ರವನ್ನೂ ಹ್ಯಾಂಡ್‌ಬ್ರೇಕ್ ಹಿಂದಿನದನ್ನೂ ಹಿಡಿಯುತ್ತದೆ. ಅದರಲ್ಲಿ ಎರಡನ್ನೂ ಹಾಕಿದರೆ ಯಾವ ಕಡೆ ಎತ್ತಿದರೂ ಇನ್ನೊಂದು ಕಡೆ ಹಿಡಿದಿರುತ್ತದೆ. ಯಾವ ಕಾರೇ ಆಗಲಿ, ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಬಿಡಿ. ಚಕ್ರ ಸೊಟ್ಟಗಿದ್ದರೆ ನೇರವಾಗಿ ತಳ್ಳಲು ಬರುವುದಿಲ್ಲ.

ಆದರೆ ನಮ್ಮ ಮಳೆಗಾಲದ ಒಂದು ತೊಂದರೆ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸದೆ ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟರೆ ಚಕ್ರದೊಳಗಿನ ಬ್ರೇಕ್ ಶೂ, ಅದು ಒತ್ತಿ ಹಿಡಿಯುವ ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಡಿಸಲು ಡ್ರಮ್ಮನ್ನೇ ಬಡಿದು ತೆಗೆಯಬೇಕು. ತುಂಬ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಮೊದಲನೇ ಗೇರಿನಲ್ಲಿಟ್ಟು, ಚಕ್ರಗಳ ಎರಡೂ ಬದಿಗೆ ಮರದ ಅಡೆ ಕೊಟ್ಟು, ಮುಂದಿನ ಹಂತದಲ್ಲಿ ಹೇಳುವ ಸರಪಳಿ ಹಾಕಿ.

ಗೇಟನ್ನೂ ಒಮ್ಮೆ ಹತ್ತಿರದಿಂದ ನೋಡಿ. ಬೀಗ ದಪ್ಪದ್ದೇ ಇರುತ್ತದೆ, ಆದರೆ ಗೇಟಿನ ರೆಕ್ಕೆಯನ್ನು ಕೆಳಗಿನಿಂದ ಎತ್ತಿದರೆ ಕೀಲಿನ ಗೂಟದಿಂದ ಹಾಗೇ ಮೇಲೆ ಬರುತ್ತದೆ, ಬೀಗ ಮುಟ್ಟುವ ಅಗತ್ಯವೇ ಇಲ್ಲ. ವೆಲ್ಡಿಂಗ್‌ನವರನ್ನು ಕರೆದು ಮೇಲಿನ ಕೀಲಿನ ಮೇಲೆ ಒಂದು ಕಬ್ಬಿಣದ ತುಂಡು ಬೆಸೆಸಿದರೆ ಗೇಟು ಮೇಲೇಳುವುದಿಲ್ಲ. ಹತ್ತು ನಿಮಿಷದ ಕೆಲಸ.

ಕಾರಿಗೆ ಕವರ್ ಹಾಕಬೇಕಾ ಅಂತ ಕೇಳುತ್ತಾರೆ. ರಸ್ತೆಗೆ ಕಾಣುವ ಜಾಗವಾದರೆ ಹಾಕಿ, ಒಳಗೇನಿದೆ ಅಂತ ಕಾಣದಿದ್ದರೆ ಒಳ್ಳೇದೇ. ಆದರೆ ಕವರ್ ಹಾಕಿ ತಿಂಗಳುಗಟ್ಟಲೆ ತೆಗೆಯದೇ ಇರಬೇಡಿ. ಒಳಗಿಂದ ಹೆಡ್‌ಲೈಟು, ಕಾರ್ಬೊರೇಟರ್ ಎಲ್ಲ ಹೋಗಿ ಬರೀ ಬಾಡಿ ಉಳಿದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಮೇಲಾಗಿ ಉಪ್ಪುಗಾಳಿಯಲ್ಲಿ ಒದ್ದೆ ಕವರಿನ ಕೆಳಗೆ ತುಕ್ಕು ಬೇಗ ಹಿಡಿಯುತ್ತದೆ. ವಾರಕ್ಕೊಮ್ಮೆ ತೆಗೆದು ಗಾಳಿಯಾಡಲು ಬಿಡಿ, ಜೊತೆಗೆ ಸುತ್ತ ಒಂದು ಸುತ್ತು ಹಾಕಿ ನೋಡಿ.

3. ಸರಪಳಿ ಮತ್ತು ಕಣ್ಣಿಗೆ ಕಾಣುವ ಬೀಗ

ನೆಲಕ್ಕೆ ಕಟ್ಟಿದ ಕಾರನ್ನು ತಳ್ಳುವುದಕ್ಕೂ ಆಗುವುದಿಲ್ಲ, ಎಳೆಯುವುದಕ್ಕೂ ಆಗುವುದಿಲ್ಲ. ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡ್ತೀನಿ ಅನ್ನುವವರು ಇದನ್ನು ಮಾಡಿ.

ನಮ್ಮ ಕಡೆ ಎಲ್ಲರೂ ಮಾಡುವ ತಪ್ಪೆಂದರೆ ಶೆಡ್ಡಿನ ಕೆಂಪುಕಲ್ಲಿನ ಗೋಡೆಗೆ ಬೋಲ್ಟ್ ಹೊಡೆದು ಅದಕ್ಕೆ ಸರಪಳಿ ಸಿಕ್ಕಿಸೋದು. ಕೆಂಪುಕಲ್ಲು ಮೆತ್ತಗೆ, ತೂತುತೂತು. ಬೋಲ್ಟ್ ಹಿಡಿದ ಹಾಗೆ ಕಾಣುತ್ತದೆ, ಜೋರಾಗಿ ಎಳೆದರೆ ಪುಡಿ ಸಮೇತ ಕೈಗೆ ಬರುತ್ತದೆ. ಅದರ ಬದಲು ಕಾರು ನಿಲ್ಲುವ ಜಾಗದಲ್ಲಿ, ಹಿಂದಿನ ಚಕ್ರಗಳ ನಡುವೆ, ಉದ್ದ ಅಗಲ ಆಳ ಒಂದೂವರೆ ಅಡಿಯ ಗುಂಡಿ ತೋಡಿಸಿ. 16 ಎಂಎಂ ಕಬ್ಬಿಣದ ರಾಡನ್ನು ಯು ಆಕಾರಕ್ಕೆ ಬಗ್ಗಿಸಿ, ಕೆಳಗಿನ ಎರಡು ತುದಿಗಳನ್ನು ಹೊರಮುಖವಾಗಿ ಮಡಚಿ, ಗುಂಡಿಯಲ್ಲಿ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ. ಮೇಲೆ ಕಾಣುವ ಬಳೆ ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಲಿ, ಇಲ್ಲದಿದ್ದರೆ ಮನೆಯ ಹಿರಿಯರು ಎಡವುತ್ತಾರೆ. ಕಾಂಕ್ರೀಟಿಗೆ ಒಂದೆರಡು ವಾರ ನೀರು ಹಾಕಿ, ಆಮೇಲೆ ಬಳಸಿ.

ಸರಪಳಿ ಗಟ್ಟಿ ಉಕ್ಕಿನದ್ದಾಗಿರಲಿ, ಕೊಂಡಿಯ ದಪ್ಪ ಕನಿಷ್ಠ 10 ಎಂಎಂ. ದನ ಕಟ್ಟುವ ಸರಪಳಿ ದೊಡ್ಡ ಕಟ್ಟರ್‌ಗೆ ಒಂದೇ ಏಟಿಗೆ ತುಂಡಾಗುತ್ತದೆ. ಹಾಕುವಾಗ ಹಿಂದಿನ ಆಕ್ಸಲ್‌ಗೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಅಡ್ಡ ದಂಡಕ್ಕೆ, ಸುತ್ತಿ ಹಾಕಬೇಕು. ಬರೀ ಚಕ್ರದ ರಿಮ್ಮಿಗೆ ಹಾಕಿದರೆ ಚಕ್ರ ಬಿಚ್ಚಿಟ್ಟು ಕಾರು ಒಯ್ಯುತ್ತಾರೆ. ಎಚ್ಚರಿಕೆ: ಆಕ್ಸಲ್ ಮೇಲೆ ಬೆರಳುಗಾತ್ರಕ್ಕಿಂತಲೂ ಸಣ್ಣ ಬ್ರೇಕ್ ಪೈಪ್ ಓಡಿರುತ್ತದೆ. ಸರಪಳಿ ಅದರ ಮೇಲೆ ಕೂರಬಾರದು. ಸರಪಳಿಗೆ ಹಳೇ ಟ್ಯೂಬ್ ತುಂಡು ಹಾಕಿದರೆ ಪೈಪಿಗೂ ಬಣ್ಣಕ್ಕೂ ಏಟಾಗುವುದಿಲ್ಲ. ಬೆಳಗ್ಗೆ ಅವಸರದಲ್ಲಿ ಸರಪಳಿ ಮರೆತು ಗಾಡಿ ಎಳೆಯದಿರಲು ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ.

ಬೀಗ ಹಿತ್ತಾಳೆಯ ಮೈ, ಸ್ಟೇನ್‌ಲೆಸ್ ಕೊಂಡಿ ಇರುವುದೇ ಬೇಕು. ಮಲ್ಪೆ, ಉಳ್ಳಾಲ, ಸುರತ್ಕಲ್ ಹತ್ತಿರದವರಾದರೆ ಇದರಲ್ಲಿ ಚೌಕಾಶಿ ಬೇಡ. ಸಾಧಾರಣ ಬೀಗ ಒಂದು ಮಳೆಗಾಲಕ್ಕೆ ಕಚ್ಚಿಕೊಂಡು ಕೂತರೆ ನೀವೇ ಅದನ್ನು ಒಡೆಯಬೇಕಾಗುತ್ತದೆ, ಒಮ್ಮೆ ಒಡೆದ ಮೇಲೆ ಮತ್ತೆ ಹಾಕುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ.

ಇನ್ನು ಸ್ಟೀರಿಂಗ್ ಲಾಕ್. ಅಡ್ಡ ರಾಡು ಹಾಕುವ ಬೀಗ ಹೊರಗಿನಿಂದ ಕಂಡು ಕಳ್ಳರನ್ನು ಮುಂದಿನ ಮನೆಗೆ ಕಳಿಸುತ್ತದೆ ಅನ್ನೋದೇ ಅದರ ಮುಖ್ಯ ಪ್ರಯೋಜನ. ಹಳೇ ಕಾರಿನ ಸ್ಟೀರಿಂಗ್ ಸಪೂರ, ಮೇಲಿನ ಗಟ್ಟಿ ಪದರ ಬಿರುಕು ಬಿಡುತ್ತದೆ, ರಾಡಿನ ಕೊಕ್ಕೆಗೆ ಬಟ್ಟೆ ಸುತ್ತಿ ಹಾಕಿ. ಗೇರ್ ಲಾಕ್ ತರುವ ಮೊದಲು ನಿಮ್ಮ ಗೇರ್ ಎಲ್ಲಿದೆ ನೋಡಿ. ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಇರುವ ಪದ್ಮಿನಿಗೂ ಹಳೇ ಅಂಬಾಸಿಡರಿಗೂ ಅಂಗಡಿಯ ಗೇರ್ ಲಾಕ್ ಕೂರುವುದಿಲ್ಲ. ಸ್ಟೀರಿಂಗಿಗೂ ಬ್ರೇಕ್ ಪೆಡಲಿಗೂ ಸೇರಿಸಿ ಹಾಕುವ ಉದ್ದ ರಾಡು ಇವಕ್ಕೆ ಸರಿ.

ಬಾಗಿಲ ಮುಂದಿನ ಸಣ್ಣ ತ್ರಿಕೋನ ಗಾಜು ಮರೆಯಬೇಡಿ. ಗಾಳಿಗೆಂದು ತಿರುಗಿಸಿ ತೆರೆಯುತ್ತೇವಲ್ಲ, ಅದೇ. ಅದರ ಚಿಲಕ ಸವೆದು ರಬ್ಬರ್ ಒಣಗಿದ್ದರೆ ಹೊರಗಿನಿಂದ ಒತ್ತಿದರೇ ತೆರೆಯುತ್ತದೆ, ಅಲ್ಲಿಂದ ಕೈ ಹಾಕಿದರೆ ಒಳಗಿನ ಹ್ಯಾಂಡಲ್ ಸಿಗುತ್ತದೆ. ಹೊಸ ರಬ್ಬರ್, ಬಿಗಿ ಚಿಲಕ ಹಾಕಿಸಿ. ಮಳೆನೀರು ಒಳಬರೋದೂ ನಿಲ್ಲುತ್ತದೆ.

4. ಸ್ಟಾರ್ಟ್ ಆಗದ ಹಾಗೆ ಮಾಡೋದು

ಮೂರು ದಾರಿ ಇದೆ. ಪೆಟ್ರೋಲ್ ಕಾರಿಗೂ ಡೀಸೆಲ್ ಕಾರಿಗೂ ಬೇರೆ ಬೇರೆ, ಇದು ಗೊತ್ತಿಲ್ಲದೆ ದುಡ್ಡು ಹಾಳು ಮಾಡಿಕೊಳ್ಳುವವರು ಬಹಳ.

ಮೊದಲನೆಯದು ಬ್ಯಾಟರಿ ಕಟ್-ಆಫ್. ಬ್ಯಾಟರಿಯ ಅರ್ಥ್ ಕಡೆಯ, ಅಂದರೆ ಕಾರಿನ ಬಾಡಿಗೆ ಸೇರುವ, ತಂತಿಗೆ ಕೂರಿಸುವ ಸ್ವಿಚ್, ತಿರುಪಿ ಬಿಚ್ಚಿದರೆ ಇಡೀ ಕಾರಿಗೆ ಕರೆಂಟಿಲ್ಲ. ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಅಷ್ಟನ್ನು ತಾಳುವ ಸ್ವಿಚ್ಚನ್ನೇ ಕೇಳಿ ತನ್ನಿ, ಅಗ್ಗದ್ದು ಬಿಸಿಯಾಗಿ ಕರಗುತ್ತದೆ. ಎಂಜಿನ್ ಓಡುತ್ತಿರುವಾಗ ಇದನ್ನು ಬಿಚ್ಚಲೇಬಾರದು, ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇರುವ ಕಾರಿನಲ್ಲಿ ಅದರ ಡಯೋಡ್ ಸುಟ್ಟುಹೋಗಬಹುದು. ಹಳೇ ವೈರಿಂಗಿನಿಂದ ಬೆಂಕಿ ಹತ್ತುವ ಭಯವೂ ಇದರಿಂದ ಕಡಿಮೆಯಾಗುತ್ತದೆ, ಅದಕ್ಕಾಗಿಯಾದರೂ ಹಾಕಿಸಿ.

ಎರಡನೆಯದು ಗುಪ್ತ ಸ್ವಿಚ್. ಪೆಟ್ರೋಲ್ ಕಾರಿನಲ್ಲಿ ಇಗ್ನಿಷನ್ ಕಾಯಿಲ್ ಅಂತ ಒಂದು ಡಬ್ಬಿ ಇರುತ್ತದೆ, ಬ್ಯಾಟರಿಯ 12 ವೋಲ್ಟನ್ನು ಪ್ಲಗ್ಗಿಗೆ ಬೇಕಾದ ಸಾವಿರಾರು ವೋಲ್ಟಿಗೆ ಏರಿಸೋದು ಅದೇ. ಅದಕ್ಕೆ ಹೋಗುವ ತಂತಿಯ ನಡುವೆ ಒಂದು ಸ್ವಿಚ್ ಇಟ್ಟು ಕಣ್ಣಿಗೆ ಕಾಣದ ಜಾಗದಲ್ಲಿ ಕೂರಿಸುತ್ತಾರೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಳೇ ಗಾಡಿ ಹಾಳಾಗಿದೆ ಅಂದುಕೊಂಡು ಬಿಟ್ಟುಹೋಗಲಿ ಅನ್ನೋದು ಉದ್ದೇಶ. ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನ ಕೆಳಗೆ ಬೇಡ, ಎಲ್ಲರೂ ಮೊದಲು ಕೈಹಾಕುವುದು ಅಲ್ಲಿಗೇ. ಮೊಣಕಾಲು ತಾಗುವ ಜಾಗವೂ ಬೇಡ, ಹೈವೇಯಲ್ಲಿ ಲಾರಿಯ ಮುಂದೆ ಎಂಜಿನ್ ಆಫ್ ಆದರೆ ಕಳ್ಳತನಕ್ಕಿಂತ ದೊಡ್ಡ ಅನಾಹುತ. ತಂತಿ ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಸಾಲದು, ಬೆಸುಗೆ ಹಾಕಿಸಿ ಸ್ಲೀವ್ ಹಾಕಿಸಿ. ಉಪ್ಪುಗಾಳಿಗೆ ಸ್ವಿಚ್ಚಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ, ರಬ್ಬರ್ ಟೋಪಿ ಇರುವ ಸ್ವಿಚ್ ತನ್ನಿ. ಗ್ಯಾರೇಜಿಗೆ ಸರ್ವಿಸಿಗೆ ಬಿಡುವಾಗ ಸ್ವಿಚ್ ಆನ್ ಮಾಡಿಯೇ ಬಿಡಿ, ಜಾಗ ಎಲ್ಲರಿಗೂ ತೋರಿಸಬೇಕಾಗಿಲ್ಲ.

ಹೆಚ್ಚು ದಿನ ನಿಲ್ಲಿಸುವಾಗ ಇನ್ನೂ ಸುಲಭದ ಉಪಾಯ ಉಂಟು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಟೋಪಿ ಬಿಚ್ಚಿ ಒಳಗಿನ ರೋಟರ್ ತೆಗೆದುಬಿಡಿ. ಹೆಬ್ಬೆರಳಷ್ಟು ದೊಡ್ಡ ಕಪ್ಪು ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆ ಪಟ್ಟಿ. ಅದಿಲ್ಲದೆ ಯಾವ ಪ್ಲಗ್ಗಿಗೂ ಕಿಡಿ ಹೋಗುವುದಿಲ್ಲ. ಕವರಿನಲ್ಲಿ ಹಾಕಿ ಮನೆಯೊಳಗೆ ಇಡಿ, ಕಾರಿನ ಡ್ರಾವರಿನಲ್ಲಿ ಇಡಬೇಡಿ.

ಈಗ ಡೀಸೆಲ್. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ, ಕಾಯಿಲೂ ಇಲ್ಲ, ರೋಟರೂ ಇಲ್ಲ. ತಳ್ಳಿ ಗೇರಿಗೆ ಹಾಕಿದರೆ ಬ್ಯಾಟರಿ ಇಲ್ಲದೆಯೂ ಹಳೇ ಡೀಸೆಲ್ ಅಂಬಾಸಿಡರ್ ಸ್ಟಾರ್ಟ್ ಆಗಬಹುದು! ಹಾಗಾಗಿ ಅದಕ್ಕೆ ಮೂರನೇ ದಾರಿಯೊಂದೇ, ಎಂಜಿನ್ನಿಗೆ ಡೀಸೆಲ್ ಹೋಗದ ಹಾಗೆ ನಿಲ್ಲಿಸೋದು. ಟ್ಯಾಂಕಿನಿಂದ ಬರುವ ಪೈಪಿಗೆ ಒಂದು ಹಿತ್ತಾಳೆಯ ಕಾಕ್, ಅಂದರೆ ತಿರುಗಿಸಿ ಮುಚ್ಚುವ ನಲ್ಲಿ, ಹಾಕಿಸಿ. ಪೆಟ್ರೋಲ್ ಕಾರಿಗೂ ಇದನ್ನು ಹಾಕಬಹುದು, ಆದರೆ ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಸ್ವಲ್ಪ ದೂರ ಓಡಿ ಆಮೇಲೆ ನಿಲ್ಲುತ್ತದೆ ಅನ್ನೋದು ನೆನಪಿರಲಿ. ಪೆಟ್ರೋಲ್ ಪೈಪ್ ಮುಟ್ಟುವಾಗ ಬಹಳ ಜಾಗ್ರತೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ, ಹಳೇ ಮಾದರಿಯ ರಬ್ಬರ್ ಪೈಪನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಎಥನಾಲ್ ತಾಳುವ ಪೈಪ್, ಸರಿಯಾದ ಕ್ಲಿಪ್ ಎರಡೂ ಹಾಕಿಸಿ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಕಳ್ಳರು ಬರುವ ಮೊದಲೇ ಕಾರು ಇಲ್ಲವಾಗುತ್ತದೆ.

5. ಜಿಪಿಎಸ್: ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಜಿಪಿಎಸ್ ಕಳ್ಳತನ ತಡೆಯುವುದಿಲ್ಲ, ಕಾರು ಎಲ್ಲಿದೆ ಅಂತ ಹೇಳುತ್ತದೆ. ದುಬೈಯವರ ಪ್ರಶ್ನೆಗೆ ಉತ್ತರ ಇದೇ: ಸಾಲದು, ಆದರೆ ಬೇಕು.

ಹಾಕುವ ಮೊದಲು ಕಾರಿನ ವೋಲ್ಟೇಜ್ ನೋಡಿ. ಹಳೇ ವಿಲ್ಲೀಸ್ ಜೀಪು ಮತ್ತು 1967ಕ್ಕಿಂತ ಮೊದಲಿನ ಹೆಚ್ಚಿನ ಫೋಕ್ಸ್‌ವ್ಯಾಗನ್ ಬೀಟಲ್ 6 ವೋಲ್ಟಿನವು, ಸಾಮಾನ್ಯ ಟ್ರ್ಯಾಕರ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಮಾರಿಸ್ ಮೈನರ್ ತರಹದ ಹಳೇ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ, ಅಂದರೆ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಇದು ಗೊತ್ತಿಲ್ಲದ ಹುಡುಗರು ಮಾಮೂಲಿಯಂತೆ ತಂತಿ ಕೊಟ್ಟರೆ ಟ್ರ್ಯಾಕರ್ ಸುಡುತ್ತದೆ. ಇಂಥ ಕಾರುಗಳಿಗೆ ಸ್ವಂತ ಬ್ಯಾಟರಿ ಇರುವ, ಆಗಾಗ ಚಾರ್ಜ್ ಮಾಡಿ ಇಡುವ ಟ್ರ್ಯಾಕರೇ ಒಳ್ಳೇದು.

12 ವೋಲ್ಟಿನ ಕಾರಾದರೂ ಸ್ವಂತ ಬ್ಯಾಟರಿ ಒಳಗೊಂಡಿರುವುದನ್ನೇ ತನ್ನಿ. ನಾಲ್ಕನೇ ಹಂತದ ಕಟ್-ಆಫ್ ಬಿಚ್ಚಿದರೆ ಟ್ರ್ಯಾಕರಿಗೂ ಕರೆಂಟು ಹೋಗುತ್ತದೆ ಅಲ್ವಾ? ಅದಕ್ಕೆ ಟ್ರ್ಯಾಕರಿನ ಎರಡೂ ತಂತಿಗಳನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಯಿಂದಲೇ ಕೊಡಿಸಬೇಕು, ಕಟ್-ಆಫ್ ದಾಟಿದ ಮೇಲಲ್ಲ. ನಿಂತ ಕಾರಿನ ಬ್ಯಾಟರಿಯನ್ನು ಅದು ನಿಧಾನಕ್ಕೆ ಕುಡಿಯುತ್ತದೆ, ಆದ್ದರಿಂದ ಆಗಾಗ ಚಾರ್ಜ್ ಬೇಕು. ಸಿಮ್ ವಿಷಯದಲ್ಲೂ ಮೋಸ ಹೋಗುವವರಿದ್ದಾರೆ. ಅಗ್ಗದ ಟ್ರ್ಯಾಕರುಗಳು ಬರೀ 2ಜಿಯಲ್ಲಿ ಓಡುತ್ತವೆ, ಜಿಯೋಗೆ 2ಜಿ ಇಲ್ಲ. ಸಿಮ್ ಹಾಕಿ, ಕಾರನ್ನು ಊರು ಸುತ್ತಿಸಿ, ಫೋನಿನಲ್ಲಿ ದಾರಿ ಸರಿಯಾಗಿ ಬಂತಾ ನೋಡಿದ ಮೇಲೆಯೇ ದುಡ್ಡು ಕೊಡಿ. ರೀಚಾರ್ಜ್ ತಾರೀಕು ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಕಬ್ಬಿಣದ ಡಬ್ಬಿಯೊಳಗೆ ಸಿಗ್ನಲ್ ಬರುವುದಿಲ್ಲ. ಹಿಂದಿನ ಸೀಟಿನ ಬೆನ್ನಹಿಂದೆ, ಹಿಂಗಾಜಿನ ಕೆಳಗಿನ ಹಲಗೆಯ ಅಡಿಯಲ್ಲಿ ಇಟ್ಟರೆ ಆಕಾಶಕ್ಕೆ ಮುಖವಿರುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಆ್ಯಪಿನಲ್ಲಿ ಜಿಯೋಫೆನ್ಸ್ ಹಾಕಿ, ಅಂದರೆ ನಕ್ಷೆಯ ಮೇಲೆ ಮನೆಯ ಸುತ್ತ ಎಳೆದ ಬೇಲಿ. ಕಾರು ಅದನ್ನು ದಾಟಿದ ಕೂಡಲೇ ಫೋನಿಗೆ ಸೂಚನೆ ಬರುತ್ತದೆ. ಆ ಸೂಚನೆ ದುಬೈಯಲ್ಲಿರುವ ನಿಮಗೆ ಮಾತ್ರ ಬಂದರೆ ಪ್ರಯೋಜನವಿಲ್ಲ, ಕೂಗಳತೆಯಲ್ಲಿರುವ ಒಬ್ಬ ನೆಂಟರ ಫೋನಿಗೂ ಬರಲಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಕೊನೆಗೆ ಕಂಡ ಜಾಗದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ.

ಫಾಸ್ಟ್ಯಾಗ್ ಕೂಡ ಇಲ್ಲಿ ಸಹಾಯಕ್ಕೆ ಬರುತ್ತದೆ. ತಲಪಾಡಿ, ಹೆಜಮಾಡಿ, ಸಾಸ್ತಾನ, ಬ್ರಹ್ಮರಕೂಟ್ಲು ಯಾವ ಟೋಲ್ ದಾಟಿದರೂ ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ. ಅದನ್ನು ಕಿತ್ತೆಸೆಯಬಹುದು ನಿಜ, ಆದರೂ ಟ್ಯಾಗಿನ ಫೋನ್ ನಂಬರ್ ಈಗ ಬಳಸುತ್ತಿರುವುದೇ ಆಗಿರಲಿ.

6. ಬಿಡಿಭಾಗಗಳು

ಅಂಬಾಸಿಡರ್ ಮತ್ತು ಮಾರುತಿ 800 ಎರಡರ ಉತ್ಪಾದನೆಯೂ 2014ಕ್ಕೆ ನಿಂತಿತು, ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ. ಮೂಲ ಬಿಡಿಭಾಗ ಸಿಗದೇ ಇರುವುದರಿಂದ ಹಳೇದಕ್ಕೇ ಬೆಲೆ. ಕ್ರೋಮ್ ಬಂಪರ್, ಗ್ರಿಲ್, ಲಾಂಛನ, ಚಕ್ರದ ಟೋಪಿ, ಕಾರ್ಬೊರೇಟರ್ ಇವು ಬೇಗ ಕೈ ಬದಲಾಗುತ್ತವೆ. ಹೊರಗಿನಿಂದ ಕಾಣದ ಮಗ್ಗುಲಲ್ಲಿ ನಿಮ್ಮದೇ ಒಂದು ಗುರುತನ್ನು ಕೆತ್ತಿಸಿ, ಗಾಜುಗಳ ಮೂಲೆಗೆ ರಿಜಿಸ್ಟ್ರೇಷನ್ ನಂಬರ್ ಕೆತ್ತಿಸಿ. ಹೊರಗಿನಿಂದಲೇ ಬಾನೆಟ್ ತೆರೆಯುವ ಜೀಪಿನಂಥ ಗಾಡಿಗೆ ಬಾನೆಟ್ಟಿಗೂ ಒಂದು ಬೀಗ ಬೇಕು. ತುಂಬ ದಿನ ನಿಲ್ಲಿಸುವಾಗ ಚಕ್ರದ ಟೋಪಿ, ಲಾಂಛನ ಬಿಚ್ಚಿ ಒಳಗಿಡಿ. ಇನ್ನೊಂದು ಮಾತು: ನೀವು ಭಾಗ ಕೊಳ್ಳುವಾಗಲೂ ಗುಜರಿಯಲ್ಲಿ ಎಲ್ಲಿಂದ ಬಂತು ಅಂತ ಕೇಳಿ, ಬಿಲ್ ಕೇಳಿ. ಕದ್ದದ್ದಕ್ಕೆ ಗಿರಾಕಿ ಇರುವುದರಿಂದಲೇ ಕದಿಯುತ್ತಾರೆ.

7. ಕೀ ಮತ್ತು ಜನ

ಊರ ಮನೆಯಲ್ಲಿ ಕೀ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ತೆಗೆದು ಒಳಗಿಡಿ. ಯಾರ ಬಳಿ ಎಷ್ಟು ಕೀ ಉಂಟು ಲೆಕ್ಕ ಇರಲಿ. ಡ್ರೈವರ್ ಕೆಲಸ ಬಿಟ್ಟರೆ, ಕಾರು ಕೊಂಡಾಗ ಒಂದೇ ಕೀ ಸಿಕ್ಕಿದ್ದರೆ ಬೀಗದ ಸಿಲಿಂಡರನ್ನೇ ಬದಲಿಸಿ.

"ಮಾರ್ತೀರಾ ಸರ್?" ಅಂತ ಗೇಟಿನ ಹತ್ತಿರ ನಿಲ್ಲುವವರಲ್ಲಿ ಹೆಚ್ಚಿನವರು ನಿಜವಾದ ಆಸಕ್ತರೇ. ಪ್ರೀತಿಯಿಂದಲೇ ಮಾತಾಡಿಸಿ, ಆದರೆ ಶೆಡ್ಡು, ಬೀಗ, ಸ್ವಿಚ್ ತೋರಿಸುತ್ತ ಸುತ್ತಾಡಿಸಬೇಡಿ. ಓಡಿಸಿ ನೋಡ್ತೇನೆ ಅಂದರೆ ಹೆಸರು, ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು, ನೀವೂ ಪಕ್ಕದಲ್ಲಿ ಕೂತು ಹೋಗಿ. ನಡುವೆ ಇಳಿಯುವ ಸಂದರ್ಭ ಬಂದರೆ ಕೀ ನಿಮ್ಮ ಕೈಯಲ್ಲಿರಲಿ. ಇನ್‌ಸ್ಟಾಗ್ರಾಮಿಗೆ ಫೋಟೋ ಹಾಕುವಾಗ ಮನೆಯ ಗೇಟು, ನಂಬರ್ ಪ್ಲೇಟು ಕಾಣದಿರಲಿ, "ಒಂದು ವಾರ ಊಟಿಯಲ್ಲಿ" ಅನ್ನುವ ಸ್ಟೇಟಸ್ ವಾಪಸ್ ಬಂದ ಮೇಲೆ ಹಾಕಿದರೂ ಆಗುತ್ತದೆ.

ನಮ್ಮಲ್ಲಿ ಮನೆಮಂದಿಯೆಲ್ಲ ರಾತ್ರಿ ಒಟ್ಟಿಗೆ ಹೊರಗಿರುವ ದಿನಗಳು ಊರಿಗೇ ಗೊತ್ತಿರುತ್ತವೆ. ಕೋಲ, ಜಾತ್ರೆ, ಯಕ್ಷಗಾನ, ಕಂಬಳ. ಆ ರಾತ್ರಿ ಸರಪಳಿ ತಪ್ಪದೆ ಹಾಕಿ. ಹಳೇ ಕಾರನ್ನೇ ತೆಗೆದುಕೊಂಡು ಕಂಬಳಕ್ಕೆ ಹೋಗಿದ್ದರೆ ಗದ್ದೆಯ ಕತ್ತಲ ಮೂಲೆಯಲ್ಲಿ ನಿಲ್ಲಿಸಬೇಡಿ, ಅಂಗಡಿಗಳ ಬೆಳಕು ಬೀಳುವ ಕಡೆ ನಿಲ್ಲಿಸಿ, ರೋಟರ್ ಕಿಸೆಗೆ ಹಾಕಿಕೊಳ್ಳಿ.

ಸಿಸಿಟಿವಿ ಹಾಕಿದ್ದರೆ ಅದು ಇನ್ವರ್ಟರಿಗೆ ಸೇರಿರಲಿ. ಮಳೆಗೆ ಕರೆಂಟು ಹೋದ ರಾತ್ರಿ ಕ್ಯಾಮೆರಾ ಮಲಗಿದರೆ ಏನು ಬಂತು ಮಾರಾಯ್ರೇ?

8. ಇನ್ಶೂರೆನ್ಸ್

ಹಳೇ ಕಾರಿನವರು ಹೆಚ್ಚಾಗಿ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರುತ್ತಾರೆ. ಅದು ಕಡ್ಡಾಯ ನಿಜ, ಆದರೆ ಕಳವಿಗೆ ಒಂದು ಪೈಸೆಯೂ ಬರುವುದಿಲ್ಲ. ಕಳವಿಗೂ ಸಿಗಬೇಕಾದರೆ ಸಮಗ್ರ ಪಾಲಿಸಿ ಬೇಕು. ಅದರಲ್ಲಿ ಐಡಿವಿ ಅಂತ ಒಂದು ಮೊತ್ತ ಬರೆದಿರುತ್ತದೆ, ಕಾರು ಪೂರ್ತಿ ಹೋದರೆ ಸಿಗುವುದು ಅಷ್ಟೇ. ಐದು ವರ್ಷ ದಾಟಿದ ಕಾರಿಗೆ ಆ ಮೊತ್ತವನ್ನು ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಗುಜರಿ ಬೆಲೆ ಬರೆದುಬಿಡುತ್ತಾರೆ. ಟಿಂಕರಿಂಗ್, ಪೇಂಟ್, ಎಂಜಿನ್ ಕೆಲಸದ ಬಿಲ್ಲು, ಒಂದನೇ ಹಂತದ ಫೋಟೋ ಎಲ್ಲ ಇಟ್ಟು ಚರ್ಚೆ ಮಾಡಿ. ಒಂದು ಕಡೆ ಒಪ್ಪದಿದ್ದರೆ ಇನ್ನೊಂದು ಕಡೆ ಕೇಳಿ. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಅನುಮೋದಿತ ಕಳವು ನಿರೋಧಕ ಸಾಧನ ಹಾಕಿಸಿದರೆ ಸಣ್ಣ ರಿಯಾಯಿತಿ ಇದೆ ಅನ್ನೋದನ್ನೂ ಕೇಳಿ ನೋಡಿ. ಒಂದೇ ಕೀ ಇದ್ದರೆ ಪಾಲಿಸಿ ಮಾಡಿಸುವಾಗಲೇ ಬರವಣಿಗೆಯಲ್ಲಿ ತಿಳಿಸಿ, ಕ್ಲೇಮಿನ ಹೊತ್ತಿಗೆ ಎರಡೂ ಕೀ ಕೇಳುತ್ತಾರೆ. ಬಿಳಿ ಬೋರ್ಡಿನ ಕಾರನ್ನು ಮದುವೆಗೆ ಬಾಡಿಗೆಗೆ ಕೊಟ್ಟಾಗ ಕಳವಾದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಗುತ್ತದೆ. ಕೀ ಕಾರಿನಲ್ಲೇ ಬಿಟ್ಟಿದ್ದರೂ ಅಷ್ಟೇ.

9. ಕಾರು ಹೋಗಿಯೇಬಿಟ್ಟರೆ

ಮೊದಲು 112ಕ್ಕೆ ಫೋನ್ ಮಾಡಿ, ಟ್ರ್ಯಾಕರಿನ ಜಾಗ ಹೇಳಿ. ನೀವೇ ಬೆನ್ನಟ್ಟಿ ಹೋಗಬೇಡಿ. ಮಂಗಳೂರಿನಿಂದ ತಲಪಾಡಿಯ ಕೇರಳ ಗಡಿಗೆ ಹೆಚ್ಚು ಹೊತ್ತು ಬೇಡ, ಆದ್ದರಿಂದ ಹುಡುಕಾಡಿ ನೋಡೋಣ, ಬೆಳಗಾಗಲಿ ಅಂತ ಕಾಯಬೇಡಿ. ಪೆನ್ಸಿಲ್ ಪ್ರಿಂಟ್, ಫೋಟೋ, ಆರ್‌ಸಿ ಪ್ರತಿ ಹಿಡಿದು ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. 2024ರ ಜುಲೈ 1ರಿಂದ ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಬರುತ್ತದೆ. ಬೇರೆ ಠಾಣೆಯ ಸರಹದ್ದು ಅಂದರೂ ಝೀರೋ ಎಫ್‌ಐಆರ್ ದಾಖಲಿಸಬಹುದು, ಅದು ಆಮೇಲೆ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ.

ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಫೋನಿನಲ್ಲೂ ಇಮೇಲಿನಲ್ಲೂ ತಿಳಿಸಿ, ಆರ್‌ಟಿಒಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಕಳವಿನ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಂತ ತಡ ಮಾಡಬೇಡಿ. ಕಾರು ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ‘ಸಿ’ ರಿಪೋರ್ಟ್ ಹಾಕುತ್ತಾರೆ, ಅಂದರೆ ಕಳವು ನಿಜ ಆದರೆ ಆರೋಪಿ ಪತ್ತೆಯಿಲ್ಲ ಅನ್ನುವ ವರದಿ. ಕ್ಲೇಮಿಗೆ ಅದು ಬೇಕೇ ಬೇಕು. ಜೊತೆಗೆ ಕೀಗಳು, ಮೂಲ ಆರ್‌ಸಿ, ಕಾರನ್ನು ಕಂಪನಿಯ ಹೆಸರಿಗೆ ವರ್ಗಾಯಿಸಲು ಸಹಿ ಮಾಡಿದ ಆರ್‌ಟಿಒ ಫಾರಂ 28, 29, 30 ಕೇಳುತ್ತಾರೆ.

ವಾಟ್ಸಾಪಿನಲ್ಲಿ ಗ್ಯಾರೇಜಿನವರಿಗೆ, ಗುಜರಿಯವರಿಗೆ, ಹಳೇ ಕಾರಿನ ಗೆಳೆಯರಿಗೆ ಫೋಟೋ ಕಳಿಸಿ. ಆದರೆ ಒಂದು ಗುರುತನ್ನು, ಉದಾಹರಣೆಗೆ ನೆಲದ ತೇಪೆಯನ್ನು, ಹೇಳದೇ ಉಳಿಸಿಕೊಳ್ಳಿ. "ಕಾರು ಸಿಕ್ಕಿದೆ, ಮೊದಲು ದುಡ್ಡು ಹಾಕಿ" ಅಂತ ಫೋನ್ ಬಂದರೆ ಆ ಗುರುತನ್ನು ಕೇಳಿ. ಹೇಳಲಾಗದವರಿಗೆ ಒಂದು ರೂಪಾಯಿಯೂ ಕಳಿಸಬೇಡಿ, ನಂಬರನ್ನು ಠಾಣೆಗೆ ಕೊಡಿ.

ಕಾರು ಸಿಕ್ಕಿದರೆ ಅದು ನೇರ ಮನೆಗೆ ಬರುವುದಿಲ್ಲ, ಕೇಸಿನ ಮುದ್ದೆಮಾಲಾಗಿ, ಅಂದರೆ ಸಾಕ್ಷ್ಯದ ವಸ್ತುವಾಗಿ, ಠಾಣೆಯ ಅಂಗಳದಲ್ಲಿ ನಿಲ್ಲುತ್ತದೆ. ಒಂದು ಮಳೆಗಾಲ ಅಲ್ಲಿ ಕಳೆದರೆ ನೆಲದ ತಗಡು ಹೋಗಿಬಿಡುತ್ತದೆ. ಆದ್ದರಿಂದ ಕೂಡಲೇ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಿ, ಅಂದರೆ ಕೇಸು ಮುಗಿಯುವವರೆಗೆ ಕಾರನ್ನು ನಿಮ್ಮ ವಶಕ್ಕೆ ಕೊಡಿ ಅಂತ ಕೇಳುವ ಅರ್ಜಿ. ಬಾಂಡ್ ಬರೆಸಿಕೊಂಡು, ಕೇಳಿದಾಗ ಹಾಜರುಪಡಿಸಬೇಕು, ಮಾರಬಾರದು, ಬಣ್ಣ ಬದಲಿಸಬಾರದು ಅನ್ನುವಂಥ ಷರತ್ತು ಹಾಕಿ ಕೊಡುತ್ತಾರೆ. ಇನ್ಶೂರೆನ್ಸ್ ಹಣ ಅಷ್ಟರಲ್ಲಿ ಬಂದಿದ್ದರೆ ಕಾರಿನ ಮೇಲೆ ಕಂಪನಿಯ ಹಕ್ಕು ಇರುತ್ತದೆ, ಅವರೊಂದಿಗೆ ಮೊದಲು ಮಾತಾಡಿ. ಬಿಡಿಸಿಕೊಂಡ ದಿನ ಠಾಣೆಯಲ್ಲೇ ಬಾನೆಟ್ ತೆರೆದು ಎರಡೂ ನಂಬರನ್ನು ನಿಮ್ಮ ಪೆನ್ಸಿಲ್ ಪ್ರಿಂಟಿಗೆ ಹೋಲಿಸಿ, ಕಾಣೆಯಾದ ಭಾಗಗಳ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳಿ. ಬ್ರೇಕು ಮತ್ತು ಪೆಟ್ರೋಲ್ ಪೈಪ್ ನೋಡದೆ ಓಡಿಸಿಕೊಂಡು ಹೊರಡಬೇಡಿ, ಮನೆಗೆ ಎಳೆಸಿಕೊಂಡೇ ಹೋಗಿ.